ಜೂನ್ 1ರಂದು ಹುಟ್ಟಿದವರು
(ಕಲಬುರಗಿಯಲ್ಲಿ ಕಾನೂನು ವಿದ್ಯಾರ್ಥಿಗಳು ಮತ್ತು ಶಾಲಾ ಶಿಕ್ಷಕರ ಮುಂದೆ ವಕೀಲರೊಬ್ಬರು ಮಾಡಿದ ಉಪನ್ಯಾಸ)

ಎಲ್ಲರಿಗೂ ಶರಣು ಶರಣಾರ್ಥಿ.

ಶಾಲೆಯ ದಾಖಲೆಯಲ್ಲಿ ಜೂನ್ 1ರಂದು ಹುಟ್ಟಿದವರು ಈ ಸಭೆಯಲ್ಲಿ ಯಾರ್ಯಾರಿದ್ದೀರಿ, ಸ್ವಲ್ಪ ಕೈ ಎತ್ತಿ. ನೋಡಿ, ಹಿಂದಿನ ಸಾಲಿನ ಹಿರಿಯರಂತೂ ಹೆಚ್ಚುಕಡಿಮೆ ಎಲ್ಲರೂ ಎತ್ತಿದ್ದಾರೆ. ನನ್ನ ಕೈಯನ್ನೂ ಸೇರಿಸಿಕೊಳ್ಳಿ. ನಮ್ಮವ್ವ ಹೇಳುತ್ತಿದ್ದದ್ದು ಬೇರೆ: "ಎಳ್ಳಮಾಸಿ ಎರಡು ದಿನ ಇತ್ತು, ಭಜ್ಜಿಗಿ ಕಾಯಿಪಲ್ಲೆ ಹಸನ ಮಾಡಕೋತ ಕುಂತಿದ್ದೆ, ಬ್ಯಾನಿ ಬಂತು." ಎಳ್ಳಮಾಸಿ ಬರುವುದು ಚಳಿಗಾಲದಲ್ಲಿ. ಆದರೆ ಹೆಡ್‌ಮಾಸ್ತರರು ಬಲಗೈಯನ್ನು ತಲೆ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿದರು, ಬೆರಳಿಗೆ ಕಿವಿ ಸಿಕ್ಕಿತು, ರಿಜಿಸ್ಟರಿನಲ್ಲಿ ಜೂನ್ 1 ಎಂದು ಬರೆದರು. ನಾನು ಆರು ತಿಂಗಳು ದೊಡ್ಡವನಾದೆ.

ನಗುವ ವಿಷಯವೇ, ನಗಿ. ಆದರೆ ಇವತ್ತು ನನಗೆ ಕೊಟ್ಟಿರುವ ವಿಷಯ ಘೋರ ಅಪರಾಧ ಮಾಡಿದ ಮಕ್ಕಳನ್ನು ನ್ಯಾಯವ್ಯವಸ್ಥೆ ಹೇಗೆ ನಡೆಸಿಕೊಳ್ಳಬೇಕು ಎಂಬುದು, ಮತ್ತು ಆ ವಿಷಯ ನಿಂತಿರುವುದೇ ಈ ರಿಜಿಸ್ಟರಿನ ಮೇಲೆ. 2015ರ ಬಾಲ ನ್ಯಾಯ ಕಾಯ್ದೆಯ 94ನೇ ಕಲಂ ಏನು ಹೇಳುತ್ತದೆ? ವಯಸ್ಸಿನ ಬಗ್ಗೆ ಅನುಮಾನ ಬಂದರೆ ಮೊದಲು ಶಾಲೆಯ ಜನ್ಮ ದಿನಾಂಕದ ಪತ್ರ ಅಥವಾ ಮೆಟ್ರಿಕ್ ಪ್ರಮಾಣಪತ್ರ ನೋಡಬೇಕು. ಅದು ಇಲ್ಲದಿದ್ದರೆ ನಗರಸಭೆ, ಪಂಚಾಯತಿಯ ಜನನ ಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಎಲುಬಿನ ಪರೀಕ್ಷೆ. ಎಲುಬಿನ ಪರೀಕ್ಷೆಯಲ್ಲಿ ಎರಡು ವರ್ಷ ಆಚೀಚೆ ಆಗಬಹುದೆಂದು ಸುಪ್ರೀಂ ಕೋರ್ಟು 1982ರಲ್ಲೇ ಒಪ್ಪಿದೆ. ಅಂದರೆ ನಮ್ಮ ಕಡೆಯ ಹುಡುಗನೊಬ್ಬ ಕೊಲೆ ಆರೋಪದಲ್ಲಿ ಸಿಕ್ಕಿಬಿದ್ದರೆ, ಅವನು ಬಾಲ ನ್ಯಾಯ ಮಂಡಳಿಗೆ ಹೋಗುತ್ತಾನೋ ಸೆಷನ್ಸ್ ಕೋರ್ಟಿಗೆ ಹೋಗುತ್ತಾನೋ ಎಂಬುದನ್ನು ಮೊದಲು ತೀರ್ಮಾನಿಸಿದವರು ಎಂದೋ ಅವನ ಕಿವಿ ಮುಟ್ಟಿಸಿದ ಹೆಡ್‌ಮಾಸ್ತರರು.

ಇದು ಹುಡುಗನ ಕಡೆಗೂ ವಾಲಬಹುದು, ವಿರುದ್ಧವೂ ವಾಲಬಹುದು. ನಾನು ಕಂಡಿರುವುದು ಹೆಚ್ಚಾಗಿ ವಿರುದ್ಧವೇ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲ, ಶಾಲೆಗಾದರೂ ಹೋಗಲಿ ಎಂದು ತಂದೆತಾಯಿ ವಯಸ್ಸು ಏರಿಸಿ ಬರೆಸುತ್ತಾರೆ. ಹದಿನೇಳೂವರೆಯ ಹುಡುಗ ಕಾಗದದ ಮೇಲೆ ಹದಿನೆಂಟು ದಾಟಿರುತ್ತಾನೆ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರುವಾಗ ಜನನ ಪತ್ರವೇ ಆಧಾರ ಎಂದು ಕಾನೂನು ತಿದ್ದುಪಡಿಯಾಗಿದೆ. ಒಳ್ಳೆಯದಾಯಿತು. ಆದರೆ ಆ ಮಕ್ಕಳಿಗೆ ಹದಿನೆಂಟು ತುಂಬುವುದು 2041ರಲ್ಲಿ. ಅಲ್ಲಿಯವರೆಗೆ ನಮಗೆ ರಿಜಿಸ್ಟರೇ ಗತಿ.

ರಿಜಿಸ್ಟರಿನ ತಾಕತ್ತು ಎಷ್ಟು ಅಂತ ಕೇಳಿ. 1994ರಲ್ಲಿ ಪುಣೆಯಲ್ಲಿ ಐವರು ಹೆಂಗಸರು, ಇಬ್ಬರು ಮಕ್ಕಳ ಕೊಲೆಯಾಯಿತು. ಹೆಂಗಸರಲ್ಲಿ ಒಬ್ಬಾಕೆ ಬಸುರಿ. ರಾಜಸ್ಥಾನ ಮೂಲದ ಆರೋಪಿಯೊಬ್ಬನಿಗೆ ಗಲ್ಲು ಶಿಕ್ಷೆಯಾಯಿತು, ಸುಪ್ರೀಂ ಕೋರ್ಟೂ ಅದನ್ನು ಖಾಯಂ ಮಾಡಿತು. ಆಮೇಲೆ ಅವನ ಹಳ್ಳಿಯ ಸರಕಾರಿ ಶಾಲೆಯ ದಾಖಲೆ ಹೊರಬಂತು. ಅದರ ಪ್ರಕಾರ ಕೊಲೆಯಾದ ದಿನ ಅವನಿಗೆ 12 ವರ್ಷ 6 ತಿಂಗಳು. 2023ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಅವನನ್ನು ಬಿಡುಗಡೆ ಮಾಡಿತು. ಅಷ್ಟೊತ್ತಿಗೆ ಅವನು 28 ವರ್ಷಕ್ಕೂ ಮಿಕ್ಕಿ ಜೈಲಿನಲ್ಲಿ ಕಳೆದಿದ್ದ. ಬಾಲಕನೆಂದು ಮೊದಲೇ ಗೊತ್ತಾಗಿದ್ದರೆ ಹೆಚ್ಚೆಂದರೆ ಮೂರು ವರ್ಷ. ವಯಸ್ಸಿನ ಪ್ರಶ್ನೆಯನ್ನು ಯಾವ ಹಂತದಲ್ಲಾದರೂ, ಪ್ರಕರಣ ಮುಗಿದ ಮೇಲೂ ಎತ್ತಬಹುದು ಎಂಬ ನಿಯಮ ಇರದಿದ್ದರೆ ಅವನು ಇವತ್ತಿಗೂ ಒಳಗೇ ಇರುತ್ತಿದ್ದ, ಇಲ್ಲವೇ ಇರುತ್ತಲೇ ಇರಲಿಲ್ಲ.

ಈಗ ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರುತ್ತೇನೆ. ಕೊಲೆ, ಅತ್ಯಾಚಾರ ಮಾಡುವಷ್ಟು ದೊಡ್ಡವನಾದ ಮೇಲೆ ಶಿಕ್ಷೆ ಅನುಭವಿಸುವಷ್ಟು ದೊಡ್ಡವನಲ್ಲವೇ? 2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಆ ಸಾಮೂಹಿಕ ಅತ್ಯಾಚಾರದ ನಂತರ ದೇಶವೆಲ್ಲ ಕೇಳಿದ್ದು ಇದನ್ನೇ. ನ್ಯಾಯಮೂರ್ತಿ ವರ್ಮಾ ಸಮಿತಿ 2013ರ ಜನವರಿಯಲ್ಲಿ ವರದಿ ಕೊಟ್ಟಾಗ ಬಾಲಕನೆಂದು ಕಾಣುವ ವಯಸ್ಸನ್ನು 18ರಿಂದ 16ಕ್ಕೆ ಇಳಿಸುವುದು ಬೇಡ ಎಂದಿತು. ಆದರೂ ಆ ಪ್ರಕರಣದ ಬಾಲಕ ಮೂರು ವರ್ಷ ಮುಗಿಸಿ 2015ರ ಡಿಸೆಂಬರ್ 20ರಂದು ಹೊರಬಂದ, 22ರಂದು ರಾಜ್ಯಸಭೆ ಹೊಸ ಬಾಲ ನ್ಯಾಯ ಮಸೂದೆಯನ್ನು ಪಾಸು ಮಾಡಿತು. ಎರಡೇ ದಿನ. ಸಿಟ್ಟಿನಲ್ಲಿ ಕೊಯ್ದ ಮೂಗು ಅಂತ ನಮ್ಮಲ್ಲಿ ಒಂದು ಮಾತಿದೆಯಲ್ಲ, ಅದು ನೆನಪಾಗುತ್ತದೆ.

ಆ ಕಾಯ್ದೆಯ 15ನೇ ಕಲಂ ಪ್ರಕಾರ 16 ದಾಟಿದ ಹುಡುಗ 'ಘೋರ ಅಪರಾಧ' ಮಾಡಿದ ಆರೋಪ ಬಂದರೆ ಮಂಡಳಿ ಪ್ರಾಥಮಿಕ ಮೌಲ್ಯಮಾಪನ ಮಾಡಿ, ದೊಡ್ಡವರಂತೆ ವಿಚಾರಣೆಗೆ ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು. ಘೋರ ಎಂದರೆ ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಹೆಚ್ಚು ಇರುವ ಅಪರಾಧ. ಇಲ್ಲೊಂದು ವಿಚಿತ್ರ ನೋಡಿ. ಹದಿನೇಳರ ಹುಡುಗ ಹದಿನಾರರ ಹುಡುಗಿ ಪ್ರೀತಿ ಮಾಡಿ ಹೈದರಾಬಾದಿಗೆ ಓಡಿಹೋದರೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ ಪೋಕ್ಸೋ ಕಾಯ್ದೆಯಡಿ ಕನಿಷ್ಠ 10 ವರ್ಷದ ಆರೋಪ ಬರಬಹುದು, ಆದ್ದರಿಂದ ಅದು ಘೋರ. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಹದಿನೇಳರ ಹುಡುಗನ ಐಷಾರಾಮಿ ಕಾರಿಗೆ ಸಿಕ್ಕಿ ಇಬ್ಬರು ಸತ್ತರು, 300 ಪದದ ಪ್ರಬಂಧ ಬರೆಯಲು ಹೇಳಿ ಜಾಮೀನು ಕೊಟ್ಟರು, ನೆನಪಿರಬೇಕು. ಕೊಲೆಯಲ್ಲದ ನರಹತ್ಯೆಗೆ ಆಗ ಏಳು ವರ್ಷದ ಕನಿಷ್ಠ ಶಿಕ್ಷೆ ಇರಲಿಲ್ಲ. ಆದ್ದರಿಂದ ಆ ತಕ್ಕಡಿಯಲ್ಲಿ ಅದು ಘೋರದ ತೂಕಕ್ಕೆ ಬರುವುದು ಕಷ್ಟ. ಮನುಷ್ಯನ ಕ್ರೌರ್ಯವನ್ನು ಶಿಕ್ಷೆಯ ಪಟ್ಟಿ ನೋಡಿ ಅಳೆಯಹೊರಟರೆ ಹೀಗಾಗುತ್ತದೆ.

ಪ್ರಾಥಮಿಕ ಮೌಲ್ಯಮಾಪನದಲ್ಲಿ ಮಂಡಳಿ ನೋಡಬೇಕಾದದ್ದು ಇಷ್ಟು: ಅಪರಾಧ ಮಾಡುವ ಮಾನಸಿಕ, ದೈಹಿಕ ಸಾಮರ್ಥ್ಯ ಅವನಿಗಿತ್ತೇ, ಪರಿಣಾಮ ತಿಳಿಯುತ್ತಿತ್ತೇ, ಯಾವ ಸಂದರ್ಭದಲ್ಲಿ ಮಾಡಿದನೆನ್ನಲಾಗಿದೆ. ಅವನೇ ಮಾಡಿದನೋ ಇಲ್ಲವೋ ಇನ್ನೂ ತೀರ್ಮಾನವಾಗಿಲ್ಲ, ಆದರೆ ಯಾಕೆ ಮಾಡಿದ ಎಂದು ಅಳೆಯಬೇಕು! ಇದು ಸೂಕ್ಷ್ಮ ಕೆಲಸ, ಮನಃಶಾಸ್ತ್ರಜ್ಞರ ನೆರವು ಬೇಕು ಎಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ನನ್ನನ್ನು ಕೇಳಿದರೆ ಈ ಕಲಂ ಬೇಡವೇ ಬೇಡ. ಆದರೆ ಇದೆ. ಇರುವಷ್ಟು ದಿನ ಅದು ಒಂದು ಕಾಗದದ ಮೇಲೆ ನಡೆಯುತ್ತದೆ. ಅದು ಸಾಮಾಜಿಕ ತನಿಖಾ ವರದಿ, ನಮೂನೆ 6.

ಒಂದು ಪ್ರಕರಣ ಹೇಳುತ್ತೇನೆ. ಮಗುವಿನ ಗುರುತು ಬಯಲು ಮಾಡಬಾರದೆನ್ನುವ 74ನೇ ಕಲಂ ಇರುವುದರಿಂದ ಊರು, ವರ್ಷ ಹೇಳುವುದಿಲ್ಲ, ವಿವರಗಳನ್ನೂ ಬದಲಿಸಿದ್ದೇನೆ. ಜಾತ್ರೆಯಲ್ಲಿ ಹುಡುಗರ ಜಗಳ, ಚಾಕು, ಒಬ್ಬ ಸತ್ತ. ನನ್ನ ಕಕ್ಷಿದಾರನಿಗೆ ಹದಿನಾರು ದಾಟಿ ಕೆಲವೇ ತಿಂಗಳು. ಅವನ ವರದಿಯಲ್ಲಿ ಇದ್ದದ್ದು: 'ಕುಟುಂಬ ಬಡತನ. ಸ್ವಭಾವ ಸಾಮಾನ್ಯ. ಸಹವಾಸ ಕೆಟ್ಟದ್ದು.' ಆರು ಪದ. ಅದೇ ದಿನ ಮೆಟ್ಟಿಲ ಮೇಲೆ ಕೂತಿದ್ದ ಅವನ ಆಯಿಯ, ಅಂದರೆ ಅಜ್ಜಿಯ ಹತ್ತಿರ ಹತ್ತು ನಿಮಿಷ ಮಾತಾಡಿದೆ. ತಂದೆತಾಯಿ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋಗುವವರು. ಮುಂಗಡ ತೀರಲಿಲ್ಲವೆಂದು ಏಳನೇ ಇಯತ್ತೆ ಬಿಡಿಸಿ ಇವನನ್ನೂ ಗ್ಯಾಂಗಿಗೆ ಸೇರಿಸಿದ್ದರು. ಗ್ಯಾಂಗಿನ ಮೇಸ್ತ್ರಿ, ಮುಕಾದಮ, ಹೊಡೆಯುತ್ತಿದ್ದ. ಊರಿಗೆ ಬಂದ ಮೇಲೆ ರಾತ್ರಿ ಮಲಗುವಾಗ ದಿಂಬಿನ ಕೆಳಗೆ ಚಾಕು ಇಟ್ಟುಕೊಳ್ಳುತ್ತಿದ್ದ. "ಅಂಜತಿದ್ದ ಯಪ್ಪಾ, ಹಗಲೊತ್ತೂ ಅಂಜತಿದ್ದ" ಎಂದಳು.

ಆ ಚಾಕು ಜಾತ್ರೆಗೆ ಹೇಗೆ ಬಂತು ಎಂಬುದಕ್ಕೆ 'ಸಹವಾಸ ಕೆಟ್ಟದ್ದು' ಉತ್ತರವೇ? ಆ ವರದಿ ಬರೆದ ಪರಿವೀಕ್ಷಣಾಧಿಕಾರಿ ಕೆಟ್ಟವರಲ್ಲ, ಅವರ ತಲೆ ಮೇಲೆ ಎಷ್ಟೋ ಫೈಲು. ಆದರೆ ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜ ಕಾರ್ಯಕರ್ತರು, ಮೂವರೂ ತೀರ್ಮಾನ ಮಾಡುವುದು ಆ ಕಾಗದ ನೋಡಿ. ನಾನು ಆಯಿಯ ಮಾತನ್ನು ಪ್ರಮಾಣಪತ್ರ ಮಾಡಿ ಸಲ್ಲಿಸಿದೆ. ಮಂಡಳಿ ಅವನನ್ನು ತನ್ನಲ್ಲೇ ಉಳಿಸಿಕೊಂಡಿತು.

ಅವನು ಹೋಗಿದ್ದರೂ ಮಕ್ಕಳ ನ್ಯಾಯಾಲಯದಲ್ಲಿ ಗಲ್ಲಾಗಲಿ, ಬಿಡುಗಡೆಯ ದಾರಿಯೇ ಇಲ್ಲದ ಜೀವಾವಧಿಯಾಗಲಿ ಆಗುತ್ತಿರಲಿಲ್ಲ. 21 ತುಂಬುವವರೆಗೆ ಸುರಕ್ಷಿತ ತಾಣದಲ್ಲಿ ಇಡಬೇಕು, ಆಮೇಲೆ ಸುಧಾರಿಸಿದ್ದಾನೋ ಎಂದು ನೋಡಬೇಕು. ಸರಿಯಿಲ್ಲದಿದ್ದರೆ ಜೈಲು. ಸುಧಾರಿಸಲು ನಾವು ಏನು ಕಲಿಸಿದೆವು ಎಂದು ಅಲ್ಲಿ ಯಾರೂ ನಮ್ಮನ್ನು ಕೇಳುವುದಿಲ್ಲ, ಅದು ಬೇರೆ ಮಾತು. ಮೇಲ್ಮನವಿಗೆ ಹೈಕೋರ್ಟು. ನಮ್ಮ ಕಲಬುರಗಿ ಪೀಠ 2008ರಲ್ಲಿ ಸಂಚಾರಿಯಾಗಿ ಬಂದು 2013ರಲ್ಲಿ ಕಾಯಂ ಆದದ್ದರಿಂದ ಬೆಂಗಳೂರು ಬಸ್ಸು ಹತ್ತುವುದು ತಪ್ಪಿದೆ.

ಇಲ್ಲಿ ಶಿಕ್ಷಕರು ಕೂತಿದ್ದೀರಿ. ನೀವು ಬರೆಯುವ ಶಾಲಾ ದಾಖಲೆ, ಹಾಜರಿ ಪುಸ್ತಕ, ಬಿಟ್ಟುಹೋದ ಮಗುವಿನ ಹೆಸರಿನ ಮುಂದೆ 'ವಲಸೆ' ಎಂಬ ಒಂದು ಪದ, ಇವೆಲ್ಲ ಮುಂದೊಂದು ದಿನ ನಮ್ಮ ಕೈಯಲ್ಲಿ ಸಾಕ್ಷಿಯಾಗುತ್ತವೆ. ನನ್ನ ಹುಡುಗನ ಶಾಲೆಯಲ್ಲಿ ಆ ಪದ ಬರೆದಿದ್ದರು. ಅದು ಇಲ್ಲದಿದ್ದರೆ ಆಯಿಯ ಮಾತನ್ನು ಮುದುಕಿಯ ಅಳು ಎನ್ನುತ್ತಿದ್ದರು.

ಇನ್ನೊಬ್ಬ ತಾಯಿ ಇದ್ದಾಳೆ. ಸತ್ತ ಹುಡುಗನ ತಾಯಿ. ಆದೇಶ ಬಂದ ದಿನ ಹೊರಗೆ ನನ್ನನ್ನು ತಡೆದು ನಿಲ್ಲಿಸಿದಳು. "ಇವನ ವಯಸ್ಸು ಎಲ್ಲಾರೂ ಕೇಳಿದ್ರಿ. ನನ್ನ ಮಗಗ ಎಷ್ಟು ವರ್ಸ ಆಗಿದ್ದವು ಅಂತ ಯಾರರೆ ಕೇಳ್ಯಾರೇನ್ರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ, ಇವತ್ತೂ ಇಲ್ಲ. ಪರಿಹಾರಕ್ಕೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು ಎಂಬುದು ಕೂಡ ಆಕೆಗೆ ಗೊತ್ತಿರಲಿಲ್ಲ. ನಾನು ಎದುರು ಕಕ್ಷಿಯ ವಕೀಲ, ನಾನೇ ಬರೆದುಕೊಡುವಂತಿಲ್ಲ. ಬೇರೆ ವಕೀಲರ ಹತ್ತಿರ ಕಳಿಸಿದೆ. ಕೆಲವು ದಿನ ಕಳೆದು ಆ ವಕೀಲರು ಸಿಕ್ಕಾಗ ಅರ್ಜಿ ಏನಾಯಿತು ಎಂದು ಕೇಳಿದೆ. ಹಾಕಿದ್ದಾಯಿತು ಎಂದರು. ಮಗನ ಜನ್ಮ ದಿನಾಂಕ ಕೇಳಿದ್ದಕ್ಕೆ ಆಕೆ "ಜ್ವಾಳದ ರಾಶಿಯಾಗ ಹುಟ್ಟ್ಯಾನ್ರಿ" ಎಂದು ಹೇಳಿ, ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಟಿ.ಸಿ. ಬಿಚ್ಚಿ ಕೊಟ್ಟಳಂತೆ. ಅದರಲ್ಲಿ ಜೂನ್ 1 ಎಂದಿತ್ತು.