ಸಹಿ ಹಾಕುವ ಮುನ್ನ ನೊಗ ಹೂಡಿ ನೋಡಿ

ಕೇಳುಗರಿಗೆ ನಮಸ್ಕಾರ.

ರಾಮನಾಥಪುರದ ದನಗಳ ಜಾತ್ರೆ ನೋಡಿದವರಿಗೆ ಇವತ್ತಿನ ವಿಷಯ ಅರ್ಧ ಗೊತ್ತಿರೋದೇ. ಹಳ್ಳಿಕಾರ್ ಜೋಡಿ ಕೊಳ್ಳೋಕೆ ಬಂದ ರೈತ ಬಾಯಿ ತೆರೆಸಿ ಹಲ್ಲು ನೋಡ್ತಾನೆ, ಸುಳಿ ನೋಡ್ತಾನೆ, ನಾಲ್ಕು ಹೆಜ್ಜೆ ನಡೆಸ್ತಾನೆ. ಅಷ್ಟಕ್ಕೂ ಮನಸ್ಸು ಒಪ್ಪದಿದ್ದರೆ ಗಾಡಿಗೆ ಹೂಡಿ ಒಂದು ಸುತ್ತು ಹೋಗಿ ಬರ್ತಾನೆ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸೋದೆಲ್ಲ ಆಮೇಲೆ. ಅದೇ ರೈತನ ಮಗ ಕಾಫಿ ಸಿಪ್ಪೆ ಬಿಡಿಸಿ ಬೀಜ ವಿಂಗಡಿಸೋ ಕ್ಯೂರಿಂಗ್ ಘಟಕ ಹಾಕಿ, ಕೋಟಿಗಟ್ಟಲೆ ಸುರಿದು ಯಂತ್ರಗಳ ಆಟೊಮ್ಯಾಟಿಕ್ ಲೈನ್ ತರಿಸ್ತಾನೆ. ಪೂಜೆ ಆಗುತ್ತೆ, ನಿಂಬೆಹಣ್ಣು ಒಡೀತಾರೆ, ಗುಂಡಿ ಒತ್ತಿದರೆ ಹಸಿರು ದೀಪ ಹತ್ತುತ್ತೆ. ಅಲ್ಲೇ ನಿಂತು ಕಾಗದಕ್ಕೆ ಸಹಿ!

ಆ ಕಾಗದಕ್ಕೆ ಅಕ್ಸೆಪ್ಟೆನ್ಸ್ ಸರ್ಟಿಫಿಕೇಟ್, ಅಂದರೆ ಯಂತ್ರ ಒಪ್ಪಿಕೊಂಡೆ ಅನ್ನೋ ಪತ್ರ ಅಂತಾರೆ. ಅದಕ್ಕೆ ಸಹಿ ಬಿತ್ತು ಅಂದರೆ ಸಾಮಾನ್ಯವಾಗಿ ಹಿಡಿದಿಟ್ಟ ಬಾಕಿ ಹಣ ಕೊಡಬೇಕು, ವಾರಂಟಿ ದಿನಗಳ ಎಣಿಕೆಯೂ ಶುರು. ಸಹಿ ಹಾಕದೆ ಸುಮ್ಮನೆ ಕೂತರೆ ಪಾರಾಗ್ತೀವಿ ಅನ್ನೋ ಹಾಗೂ ಇಲ್ಲ. 1930ರ ಸರಕು ಮಾರಾಟ ಕಾಯ್ದೆಯ 41ನೇ ಕಲಮು ಸರಕನ್ನು ಪರೀಕ್ಷಿಸಿ ನೋಡೋ ಅವಕಾಶ ನಮಗೆ ಕೊಡುತ್ತೆ. ಆದರೆ 42ನೇ ಕಲಮಿನ ಪ್ರಕಾರ, ಬೇಡ ಅಂತ ತಿಳಿಸದೆ ನ್ಯಾಯವಾದ ಕಾಲ ಮೀರಿ ಇಟ್ಟುಕೊಂಡರೆ ಒಪ್ಪಿಕೊಂಡ ಹಾಗೇ ಲೆಕ್ಕ. ಅದಕ್ಕೇ ತಕರಾರು ಏನೇ ಇರಲಿ, ಬರಹದಲ್ಲಿ ಕೊಡಿ. ಫೋನಿನಲ್ಲಿ ಕೂಗಾಡಿದ್ದನ್ನ ಆಮೇಲೆ ಸಾಬೀತು ಮಾಡೋದು ಕಷ್ಟ.

ಯಂತ್ರ ಕೂರಿಸಿ ಚಾಲೂ ಮಾಡೋದೇ ನನ್ನ ಕೆಲಸವಾಗಿತ್ತು. ಹಾಸನ, ಚಿಕ್ಕಮಗಳೂರು ಎರಡೂ ಕಡೆ ಓಡಾಡಿದೀನಿ. ಪರೀಕ್ಷೆ ಎರಡು ಹಂತದಲ್ಲಿ ನಡೆಯುತ್ತೆ. ಮೊದಲನೆಯದು ಯಂತ್ರ ತಯಾರಾಗೋ ಕಾರ್ಖಾನೆಯಲ್ಲಿ, ಅದಕ್ಕೆ ಎಫ್‌ಎಟಿ ಅಂತೀವಿ. ಎರಡನೆಯದು ನಮ್ಮ ಜಾಗದಲ್ಲೇ, ಅದು ಎಸ್‌ಎಟಿ. ಮೊದಲನೆಯದಕ್ಕೆ ಬರಿಗೈಯಲ್ಲಿ ಹೋಗಬೇಡಿ. ಜೀಪಿನಲ್ಲಿ ನಿಮ್ಮದೇ ಕಾಫಿ ಎರಡು ಮೂಟೆ ಹಾಕ್ಕೊಂಡು ಹೋಗಿ. ಒಂದು ಚೆನ್ನಾಗಿ ಒಣಗಿದ್ದು, ಇನ್ನೊಂದು ಕಡ್ಡಿ ಕಲ್ಲು ಇರೋ, ಅರೆ ಒಣಗಿದ ಚೆರ್ರಿ, ಅಂದರೆ ಸಿಪ್ಪೆ ಸಮೇತದ ಕಾಫಿ ಹಣ್ಣು. ಅವರ ಹತ್ತಿರ ಇರೋ ಕಾಫಿ ಮದುವೆಮನೆಗೆ ಹೊರಟ ಹಾಗೆ ಇರುತ್ತೆ, ಅದರ ಮೇಲೆ ಯಾವ ಯಂತ್ರವಾದರೂ ಪಾಸಾಗುತ್ತೆ.

ಕಲರ್ ಸಾರ್ಟರ್ ಪರೀಕ್ಷೆ ಒಂದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಬೀಜ ಜಾರುಹಲಗೆಯಿಂದ ಬೀಳುವಾಗ ಕ್ಯಾಮೆರಾ ನೋಡುತ್ತೆ, ಕರಿ ಬೀಜ ಕಂಡ ತಕ್ಷಣ ಸಣ್ಣ ವಾಲ್ವ್ ತೆರೆದು ಗಾಳಿ ಊದಿ ಆಚೆ ತಳ್ಳುತ್ತೆ. ಒಂದು ಕಡೆ ನಾವು 50 ಕೆಜಿ ಆರಿಸಿದ ಕಾಫಿಗೆ ಸರಿಯಾಗಿ 500 ಕರಿ ಬೀಜ ಎಣಿಸಿ ಬೆರೆಸಿ ಓಡಿಸಿದ್ವಿ. ಒಳ್ಳೆ ಕಾಫಿ ಜೊತೆ ನುಸುಳಿದ ಕರಿ ಬೀಜ ನಾಲ್ಕೇ ನಾಲ್ಕು. ಕಂಪನಿ ಹುಡುಗ ಕೈ ಕಟ್ಟಿ ನಗ್ತಾ ನಿಂತಿದ್ದ. ಅಷ್ಟರಲ್ಲಿ ಇಪ್ಪತ್ತು ವರ್ಷ ಗಾರ್ಬ್ಲಿಂಗ್, ಅಂದರೆ ಕೈಯಲ್ಲಿ ಬೀಜ ಆರಿಸೋ ಕೆಲಸ ಮಾಡಿದ ಹೆಂಗಸೊಬ್ಬರು ತಿರಸ್ಕೃತ ಕಾಫಿಯ ಚೀಲಕ್ಕೆ ಕೈ ಹಾಕಿ, ಅಂಗೈ ಮೇಲೆ ಹರಡಿ, "ಅಯ್ಯೋ ಸಾ, ಇದ್ರಲ್ಲಿ ಬರೀ ಒಳ್ಳೆ ಬೀಜನೇ ಐತಲ್ಲ" ಅಂದ್ರು. ತೂಗಿದರೆ 900 ಗ್ರಾಂ. ಕರಿ ಬೀಜ ಆರಿಸಿ ತೆಗೆದರೆ 840 ಗ್ರಾಂ ಒಳ್ಳೆಯದೇ! ಟನ್ನಿಗೆ ಹತ್ತಿರ ಹತ್ತಿರ 17 ಕೆಜಿ. ಒಂದು ಕರಿ ಬೀಜವೂ ತಪ್ಪಬಾರದು ಅಂತ ಆ ಹುಡುಗ ಯಂತ್ರವನ್ನ ಅಷ್ಟು ಬಿಗಿಯಾಗಿ ಸೆಟ್ ಮಾಡಿದ್ದ. ಸಡಿಲ ಮಾಡಿದರೆ ಕರಿ ಬೀಜ ನುಸುಳುತ್ತೆ, ಬಿಗಿ ಮಾಡಿದರೆ ಒಳ್ಳೆಯದು ಹೋಗುತ್ತೆ. ಒಪ್ಪಂದದಲ್ಲಿ ಎರಡೂ ಅಂಕಿ ಇರಬೇಕು, ಅದೂ ಒಂದೇ ಓಟದಲ್ಲಿ ಅಳೆದದ್ದು.

ಚೀಲ ತುಂಬೋ ಯಂತ್ರದ ಕಥೆಯೂ ಅಷ್ಟೇ. ಸರಾಸರಿ ಕೇಳಬೇಡಿ. ಒಂದು ಚೀಲ 59.6, ಇನ್ನೊಂದು 60.4 ಬಂದರೂ ಸರಾಸರಿ 60 ಕೆಜಿಯೇ. ಸಾಲಾಗಿ 30 ಚೀಲವನ್ನ ಮುದ್ರೆ ಬಿದ್ದ ಬೇರೆ ತಕ್ಕಡಿಯಲ್ಲಿ ತೂಗಿ, ಒಂದೊಂದನ್ನೂ ಬರೆದಿಡಿ. ಚೀಲಕ್ಕೆ ಬರೀ 200 ಗ್ರಾಂ ಹೆಚ್ಚಿಗೆ ಹೋದರೆ ದಿನಕ್ಕೆ 300 ಚೀಲಕ್ಕೆ 60 ಕೆಜಿ ಆಯ್ತು. ದಿನಾ ಒಂದು ಚೀಲ ಕಾಫಿ ಪುಕ್ಕಟೆ!

ಕರೆಂಟಿನ ಪರೀಕ್ಷೆಯನ್ನ ಮಾತ್ರ ಯಾರೂ ತಾವಾಗಿ ಮಾಡಿ ತೋರಿಸಲ್ಲ. ಲೈನ್ ಪೂರ್ತಿ ತುಂಬಿ ಓಡ್ತಿರುವಾಗ ಮೇನ್ ಸ್ವಿಚ್ ಇಳಿಸಿ. ಕರೆಂಟ್ ವಾಪಸ್ ಬಂದಾಗ ಯಾವುದೂ ತಾನಾಗಿ ತಿರುಗಬಾರದು. ಆ ಹೊತ್ತಿಗೆ ಸಿಪ್ಪೆ ಬಿಡಿಸೋ ಹಲ್ಲರ್ ಒಳಗೆ ಕೈ ಹಾಕಿ ಸಿಕ್ಕಿಕೊಂಡ ಕಾಫಿ ತೆಗೀತಿರೋ ಮನುಷ್ಯನನ್ನ ನೆನೆಸಿಕೊಳ್ಳಿ. ಮತ್ತೆ ಚಾಲೂ ಮಾಡುವಾಗ ಕಾಫಿ ಮೇಲೆತ್ತೋ ಎಲಿವೇಟರ್‌ಗಳಲ್ಲಿ ಕೊನೆಯದು ಮೊದಲು ತಿರುಗಬೇಕು, ಹಲ್ಲರ್ ಆಮೇಲೆ. ಕ್ರಮ ತಪ್ಪಿದರೆ ನಡುವೆ ಕಾಫಿ ಗುಡ್ಡೆ ಬೀಳುತ್ತೆ. ಎಮರ್ಜೆನ್ಸಿ ಸ್ಟಾಪ್ ಗುಂಡಿಗಳನ್ನ ಒಂದೊಂದಾಗಿ ನಿಮ್ಮ ಆಪರೇಟರ್ ಕೈಯಲ್ಲೇ ಒತ್ತಿಸಿ. ಗುಂಡಿಯನ್ನ ವಾಪಸ್ ಬಿಡಿಸಿದ ಮಾತ್ರಕ್ಕೆ ಯಂತ್ರ ಓಡಬಾರದು, ಸ್ಟಾರ್ಟ್ ಬೇರೆಯಾಗಿ ಒತ್ತಿದರೇ ಓಡಬೇಕು.

ಕೊನೆಗೆ ಒಂದು ಪಾಳಿ ಪೂರ್ತಿ, 8 ಗಂಟೆ, ನಿಮ್ಮ ಜನ ಓಡಿಸಲಿ. ಕಂಪನಿಯವರು ಕುರ್ಚಿ ಹಾಕ್ಕೊಂಡು ಕೂತಿರಲಿ. ನಿಂತಾಗಲೆಲ್ಲ ಗಡಿಯಾರ ನೋಡಿ ಬರೆದುಕೊಳ್ಳಿ. "ಅದು ಬ್ರೇಕ್‌ಡೌನ್ ಅಲ್ಲ ಸಾರ್, ಬರೀ ಐದು ನಿಮಿಷ" ಅಂತಾರೆ. ಅಂಥ ಐದು ನಿಮಿಷ ಹನ್ನೆರಡು ಸಲ ಆದರೆ ಒಂದು ಗಂಟೆ ಹೋಯ್ತು. ಲೈನ್ ನಡೆಸೋ ಕಂಪ್ಯೂಟರ್, ಅದೇ ಪಿಎಲ್‌ಸಿ, ಅದರ ಪ್ರೋಗ್ರಾಂ ಪ್ರತಿ, ಪಾಸ್‌ವರ್ಡ್ ಎರಡನ್ನೂ ಅವತ್ತೇ ಇಸ್ಕೊಳ್ಳಿ. ಪರದೆ ಮೇಲಿನ ಎಚ್ಚರಿಕೆ ಮಾತು ಕನ್ನಡದಲ್ಲಿ ಇರಲಿ ಅಂತ ಆರ್ಡರ್ ಕೊಡುವಾಗಲೇ ಬರೆಸಿ. ಆಮೇಲೆ ಕೇಳಿದರೆ ಬಿಲ್ ಬರುತ್ತೆ.

ನಾನೂ ಒಮ್ಮೆ ಎಡವಿದೀನಿ. ಮಾರ್ಚ್ 31ರ ಸಂಜೆ, ಲೆಕ್ಕದ ವರ್ಷ ಮುಗೀತಿದೆ ಅನ್ನೋ ಅವಸರದಲ್ಲಿ, ಒಂದು ಘಟಕದ ಮಾಲೀಕರಿಗೆ "ಹಾಕಿ ಸಾರ್" ಅಂದುಬಿಟ್ಟೆ. ಬಿಸಿಲಲ್ಲಿ ಎಲ್ಲ ಚೆನ್ನಾಗಿತ್ತು. ಜುಲೈ ಮಳೆಗೆ ಸಾರ್ಟರ್‌ನ ಗಾಳಿ ವಾಲ್ವ್‌ಗಳು ಒಂದೊಂದಾಗಿ ಅಂಟಿಕೊಂಡು ಕೂತವು. ಕಂಪನಿಯವರು ಸಹಿ ಮಾಡಿದ ಕಾಗದ ತೋರಿಸಿದರು, ರಿಪೇರಿ ಖರ್ಚು ಮಾಲೀಕರ ತಲೆಗೆ ಬಂತು.

ಮುಂದಿನ ಸಲ, ಸಕಲೇಶಪುರದ ಕಡೆ ಒಂದು ಘಟಕದಲ್ಲಿ, ಕೊನೆಯ ಶೇಕಡ 10ರ ಹಣ ಮಳೆಗಾಲದ ಓಟ ಆದ ಮೇಲೆ ಅಂತ ಮೊದಲೇ ಬರೆಸಿದ್ವಿ. ಜುಲೈ ಎರಡನೇ ವಾರ, ದಾಸ್ತಾನಿದ್ದ ರೊಬಸ್ಟಾ ಚೆರ್ರಿ ಓಡಿಸ್ತಿದ್ವಿ, ಹೊರಗೆ ಮೂರು ದಿನದಿಂದ ಬಿಡದ ಮಳೆ. ಕಂಪನಿಯ ಇಂಜಿನಿಯರ್ ಸಾರ್ಟರ್ ಹಿಂದಿನ ಗಾಳಿ ಪೈಪಿನ ಡ್ರೇನ್ ತಿರುಗಿಸಿದ. ಕೆಳಗೆ ಹಿಡಿದ ಸ್ಟೀಲ್ ಲೋಟ ನೀರಿನಿಂದ ಅರ್ಧ ತುಂಬ್ತು. ಲೋಟ ನೋಡಿದ, ನನ್ನ ಮುಖ ನೋಡಿದ. ಮಾತಾಡದೆ ಬಾಕಿ ಕೆಲಸದ ಪಟ್ಟಿ ಎಳ್ಕೊಂಡು ತಾನೇ ಬರೆದ: ಗಾಳಿಯ ತೇವ ತೆಗೆಯೋ ಏರ್ ಡ್ರೈಯರ್ ಹಾಕಬೇಕು, ಖರ್ಚು ನಮ್ಮದು.

ಮಾಲೀಕರು ಸಹಿ ಹಾಕಿದ್ದು ಆಗಸ್ಟ್‌ನಲ್ಲಿ. ನಮಸ್ಕಾರ.