ಕರಾವಳಿಯಲ್ಲೇ ಯಾಕೆ ಇಷ್ಟೊಂದು ಬ್ಯಾಂಕು?

ಎಲ್ಲರಿಗೂ ನಮಸ್ಕಾರ.

ಕೆನರಾ, ಕಾರ್ಪೊರೇಷನ್, ಕರ್ನಾಟಕ, ಸಿಂಡಿಕೇಟ್, ವಿಜಯಾ. ಈ ಐದೂ ಬ್ಯಾಂಕುಗಳು ಹುಟ್ಟಿದ್ದು ಮಂಗಳೂರು, ಉಡುಪಿಯಲ್ಲಿ, 1906ರಿಂದ 1931ರ ಒಳಗೆ. ಬೇರೆ ಕಡೆ ಯಾಕೆ ಹೀಗಾಗಲಿಲ್ಲ?

ಕರಾವಳಿಯವರಿಗೆ ಲೆಕ್ಕಾಚಾರ ರಕ್ತದಲ್ಲೇ ಬಂದಿದೆ ಅನ್ನುವ ಮಾತಿದೆ. ನಾನು ಅದನ್ನು ಒಪ್ಪುವುದಿಲ್ಲ. ಮಂಗಳೂರಿನಲ್ಲಿ ಬಂದರು ಇತ್ತು. ಹೆಂಚಿನ ಕಾರ್ಖಾನೆಗಳಿದ್ದವು. ಅಡಿಕೆ, ಮೆಣಸಿನ ವ್ಯಾಪಾರ ಇತ್ತು. ಆದರೆ ಬಂದರು, ವ್ಯಾಪಾರ ಬೇರೆ ಊರುಗಳಲ್ಲೂ ಇದ್ದವು ಅಲ್ವಾ? ಇಲ್ಲಿ ಸಮುದಾಯಗಳ ಒಳಗಿನ ಕಟ್ಟು ಗಟ್ಟಿಯಾಗಿತ್ತು. ಸಾಲ ಮುಳುಗಿಸಿದವನು ಮದುವೆ ಮನೆಯಲ್ಲಿ, ದೇವಸ್ಥಾನದ ಅಂಗಳದಲ್ಲಿ ತಲೆ ಎತ್ತುವ ಹಾಗಿರಲಿಲ್ಲ. ಕೋರ್ಟಿಗಿಂತ ಆ ಭಯವೇ ದೊಡ್ಡದು.

ಅಮ್ಮೆಂಬಳ ಸುಬ್ಬರಾವ್ ಪೈಗಳು ವಕೀಲರು. 1891ರಲ್ಲೇ ಶಾಲೆ ತೆರೆದಿದ್ದರು. 1906ರಲ್ಲಿ ಅವರು ಕೆನರಾ ಹಿಂದೂ ಪರ್ಮನೆಂಟ್ ಫಂಡ್ (ಈಗಿನ ಕೆನರಾ ಬ್ಯಾಂಕ್) ಶುರು ಮಾಡಿದಾಗ ಜನರಿಗೆ ಅವರ ಹೆಸರು ಹೊಸದಾಗಿರಲಿಲ್ಲ. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ನಿಂತು 5,000 ರೂಪಾಯಿ ಬಂಡವಾಳದಲ್ಲಿ ಇನ್ನೊಂದು ಬ್ಯಾಂಕು ಕಟ್ಟಿದರು, ಅದೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. 1931ರಲ್ಲಿ ಎ.ಬಿ. ಶೆಟ್ಟಿಯವರ ಜೊತೆ ಬಂಟ ರೈತರು ಸೇರಿ ವಿಜಯಾ ಬ್ಯಾಂಕ್ ಆಯಿತು.

ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಪಿಗ್ಮಿ, ಅಂದರೆ ದಿನದಿನವೂ ಚಿಲ್ಲರೆ ಕಾಸು ಕಟ್ಟುವ ಉಳಿತಾಯ. ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದ ಕಾಲದಲ್ಲಿ, 1925ರಲ್ಲಿ, ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ ಉಡುಪಿಯಲ್ಲಿ ಸಿಂಡಿಕೇಟ್ ಶುರು ಮಾಡಿದರು. 1928ರಲ್ಲಿ ಪಿಗ್ಮಿ ಬಂತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನವರೇ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಇದು ಯಾಕೆ ಗೆದ್ದಿತು? ನಮ್ಮಲ್ಲಿ ಕೈಯಲ್ಲಿ ಕಾಸಿಟ್ಟುಕೊಂಡು ಅಣ್ಣತಮ್ಮಂದಿರಿಗೆ, ನೆಂಟರಿಗೆ "ಇಲ್ಲ" ಅನ್ನುವುದು ಕಷ್ಟ. ಹಾಗೆ ಅಂದುಬಿಟ್ಟರೆ ಸಂಬಂಧ ಕೆಡುತ್ತದೆ. "ಪಿಗ್ಮಿಗೆ ಕೊಟ್ಟುಬಿಟ್ಟೆ" ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ದಿನಗೂಲಿಯವರ ಉಳಿತಾಯಕ್ಕೆ ಮರ್ಯಾದೆಯ ಒಂದು ನೆಪ ಸಿಕ್ಕಿತು. ಪಿಗ್ಮಿ ಕಲೆಕ್ಟರಿಗೂ ಬೀದಿ ಬೀದಿ ಗೊತ್ತು. ಯಾರ ಅಂಗಡಿ ಎರಡು ದಿನದಿಂದ ಮುಚ್ಚಿದೆ, ಯಾರ ಮನೆಯಲ್ಲಿ ಕಾಯಿಲೆ, ಎಲ್ಲವೂ. ಬ್ಯಾಂಕಿನ ಯಾವ ಅರ್ಜಿಯಲ್ಲೂ ಅಷ್ಟು ಮಾಹಿತಿ ಸಿಗುವುದಿಲ್ಲ.

ಇನ್ನೊಂದು ಮುಖವನ್ನೂ ಹೇಳಲೇಬೇಕು. ಗುರುತಿನ ಮೇಲೆ ಸಾಲ ಅಂದರೆ, ಗುರುತಿಲ್ಲದವನಿಗೆ ಸಾಲ ಇಲ್ಲ. ಜಾಮೀನು ನಿಲ್ಲುವ ಭಾವನೋ ಮಾವನೋ ಅಂಗಡಿ ಇಟ್ಟವನಾಗಿದ್ದರೆ ಸರಿ. ಕರಾವಳಿಯ ಬಡ ಬುಡಕಟ್ಟಾದ ಕೊರಗರ ಕೇರಿಯಲ್ಲಿ ಹಾಗೆ ನಿಲ್ಲುವವರು ಎಲ್ಲಿದ್ದರು? ಒಳಗಿದ್ದವರನ್ನು ಎತ್ತಿ ಹಿಡಿದ ಅದೇ ಕಟ್ಟು ಹೊರಗಿದ್ದವರಿಗೆ ಗೋಡೆಯಾಯಿತು. 2000ದ ಹೊತ್ತಿಗೆ ಸ್ತ್ರೀಶಕ್ತಿ ಸ್ವಸಹಾಯ ಗುಂಪುಗಳು ಬಂದಾಗ ಆಸ್ತಿಯೇ ಇಲ್ಲದ ಹೆಂಗಸರು ಒಬ್ಬರಿಗೊಬ್ಬರು ಜಾಮೀನು ನಿಂತರು. ಹಳೆಯ ಮರ್ಯಾದೆಯ ಭಯವೇ ಅಲ್ಲೂ ಕೆಲಸ ಮಾಡುತ್ತದೆ, ಕೆಲವೊಮ್ಮೆ ಜಾಸ್ತಿಯೇ. ಕಂತು ತಪ್ಪಿದವಳ ಮನೆ ಮುಂದೆ ಗುಂಪು ಬಂದು ಕೂತರೆ ಆಕೆಯ ಪಾಡೇನು, ಯೋಚಿಸಿ.

ಈ ಐದರಲ್ಲಿ ವಿಜಯಾ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಈಗ ಸಾಲ ಕೇಳಿದರೆ ಕಂಪ್ಯೂಟರ್ ಮೊದಲು ಸ್ಕೋರ್ ನೋಡುತ್ತದೆ, ಅಂದರೆ ಹಿಂದಿನ ಸಾಲ ಹೇಗೆ ತೀರಿಸಿದಿರಿ ಅನ್ನುವುದಕ್ಕೆ ಕೊಟ್ಟ ಅಂಕ. ಅದು ಜಾತಿ ಕೇಳುವುದಿಲ್ಲ, ಒಳ್ಳೆಯದೇ. ಆದರೆ ವರ್ಷಗಟ್ಟಲೆ ತಪ್ಪದೆ ಪಿಗ್ಮಿ ಕಟ್ಟಿದ ಮೀನು ಮಾರುವ ಹೆಂಗಸು ಒಮ್ಮೆಯೂ ಸಾಲ ಮಾಡಿಲ್ಲ ಅಂದರೆ ಆಕೆಗೆ ಸ್ಕೋರೇ ಇಲ್ಲ. ಆಕೆಯ ಪಿಗ್ಮಿ ಪುಸ್ತಕವನ್ನೂ ಸಾಲದ ದಾಖಲೆಯಾಗಿ ಬ್ಯಾಂಕುಗಳು ಒಪ್ಪಿಕೊಳ್ಳಬೇಕು. ಇಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವವರು ಇದ್ದೀರಿ. ದಯವಿಟ್ಟು ಇದನ್ನು ನಿಮ್ಮ ಮೀಟಿಂಗಿನಲ್ಲಿ ಎತ್ತಿ.