ಹುಬ್ಬಳ್ಳಿಯಿಂದ ಮಂಗಳೂರಿಗೆ ನೇರ ವಿಮಾನ ಬೇಕು

ನಮಸ್ಕಾರ. ಇವತ್ತು ಹುಬ್ಬಳ್ಳಿ ಮತ್ತು ಮಂಗಳೂರಿನ ನಡುವಿನ ದೂರದ ಬಗ್ಗೆ ಮಾತಾಡಬೇಕು.

ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ಮಂಗಳೂರಿನ ವಿಮಾನ ನಿಲ್ದಾಣ ಇರುವ ಬಜಪೆಗೆ ನಕಾಶೆ ಮೇಲೆ ಗೆರೆ ಎಳೆದರೆ ಸುಮಾರು 270 ಕಿ.ಮೀ. ಹೆಚ್ಚುಕಡಿಮೆ ನೆಟ್ಟಗೆ ದಕ್ಷಿಣಕ್ಕೆ. ಸಣ್ಣ ಊರುಗಳಿಗೆ ಬರುವ ಎಟಿಆರ್ ವಿಮಾನ, ಅದೇ ರೆಕ್ಕೆಯಲ್ಲಿ ಫ್ಯಾನ್ ತಿರುಗುತ್ತಲ್ವಾ, ಗಂಟೆಗೆ 500 ಕಿ.ಮೀ. ಹತ್ತಿರ ಹೋಗುತ್ತದೆ. ಏರೋದು, ಇಳಿಯೋದು ಸೇರಿದರೂ ಮುಕ್ಕಾಲು ಗಂಟೆ. ಟಿಕೆಟ್ಟಿನಲ್ಲಿ ಒಂದು ಗಂಟೆ ಅಂತ ಹಾಕುತ್ತಾರೆ. ವಿಮಾನ ನಿಂತ ಜಾಗದಿಂದ ಕದಲಿದ್ದರಿಂದ ಹಿಡಿದು ಆ ಕಡೆ ಪೂರ್ತಿ ನಿಲ್ಲುವವರೆಗೆ ಅವರ ಲೆಕ್ಕ.

ನೇರ ವಿಮಾನ ಇಲ್ಲದಿದ್ದರೆ? ಬೆಂಗಳೂರಿಗೆ ಹೋಗಿ ಬದಲಿಸಬೇಕು. ಮೊದಲು 370 ಕಿ.ಮೀ., ಅಲ್ಲಿಂದ ಮತ್ತೆ 300ಕ್ಕೂ ಜಾಸ್ತಿ. 270 ಇದ್ದದ್ದು 680 ಹತ್ತಿರ ಆಗುತ್ತದೆ.

ಅಪ್ಪನನ್ನು ಮಂಗಳೂರಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟಿದ್ದೆ. ಸೊಂಟ ನೋವು, ಬಸ್ಸಿನಲ್ಲಿ ಕೂರೋದು ಕಷ್ಟ ಅಂತ ವಿಮಾನ ಹಿಡಿದೆವು. ಬೆಂಗಳೂರಿನಲ್ಲಿ ಮುಂದಿನ ವಿಮಾನಕ್ಕೆ ನಾಲ್ಕು ಗಂಟೆ ಕಾಯಬೇಕಿತ್ತು. ಸ್ಟೀಲ್ ಕುರ್ಚಿ. ಅಪ್ಪ ಎಕ್ಸ್‌ರೇ ಕವರನ್ನು ತೊಡೆ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಸ್ವಲ್ಪ ಹೊತ್ತಿಗೊಮ್ಮೆ ಏಳುವರು, ಗೋಡೆ ಹಿಡಿದು ನಿಲ್ಲುವರು, ಮತ್ತೆ ಕೂರುವರು. ಕಡೆಗೆ ಕೇಳಿದರು, "ಮಂಗಳೂರಿಗೆ ಹೋಗೋದಂದಿ. ಬೆಂಗಳೂರಿಗೆ ಯಾಕ ಬಂದ್ವೋ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ರಸ್ತೆ ಇದೆಯಲ್ಲ ಅನ್ನಬಹುದು. ಇದೆ. ಯಲ್ಲಾಪುರ ದಾಟಿ, ಅರಬೈಲ್ ಘಾಟ್ ಇಳಿದು, ಅಂಕೋಲಾದಲ್ಲಿ ಕರಾವಳಿ ಹೆದ್ದಾರಿ ಸೇರಬೇಕು. ಇಡೀ ರಾತ್ರಿಯ ದಾರಿ. ಮಳೆಗಾಲ ಬಂದರೆ ಅದೂ ನಂಬಿಕೆ ಇಲ್ಲ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಜೀವಗಳು ಹೋದವು, ಹೆದ್ದಾರಿ ಬಂದ್ ಆಯಿತು. ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತು ಎರಡು ದಶಕಕ್ಕೂ ಹಳೆಯದು. ಅದು ಘಟ್ಟದ ಕಾಡು ಸೀಳಿ ಹೋಗಬೇಕು. ಆ ಕಾಡಿನ ಬಗ್ಗೆ ನನಗೂ ಕಾಳಜಿ ಇದೆ. ಅದಕ್ಕೇ ವಿಮಾನ ಕೇಳುತ್ತಿದ್ದೇನೆ. ಎರಡೂ ಕಡೆ ರನ್‌ವೇ ಆಗಲೇ ಇದೆ, ಹೊಸದಾಗಿ ಒಂದು ಮರವನ್ನೂ ಕಡಿಯಬೇಕಿಲ್ಲ.

2022ರಲ್ಲಿ ಈ ಎರಡು ಊರುಗಳ ನಡುವೆ ನೇರ ವಿಮಾನ ಶುರುವಾಗಿತ್ತು. ಹೆಚ್ಚು ಕಾಲ ಉಳಿಯಲಿಲ್ಲ. ಸೀಟು ತುಂಬದಿದ್ದರೆ ಕಂಪನಿ ಹಾರಿಸಲ್ಲ, ಅದು ಅರ್ಥವಾಗುತ್ತದೆ. ಆದರೆ ಒಂದು ಮಾರ್ಗ ಜನರ ಬಾಯಿಗೆ ಬೀಳೋದಕ್ಕೆ ಸಮಯ ಬೇಕು, ಅಲ್ವಾ? ಎಷ್ಟೋ ಜನಕ್ಕೆ ವಿಮಾನ ಇತ್ತು ಅನ್ನೋದೇ ಗೊತ್ತಾಗಿದ್ದು ಅದು ನಿಂತ ಮೇಲೆ.

ಇಂಥ ಕಡೆಗೇ ಅಂತ ಕೇಂದ್ರ ಸರ್ಕಾರದ ಉಡಾನ್ ಯೋಜನೆ ಬಂತು, ಸಣ್ಣ ಊರುಗಳಿಗೆ ಕಡಿಮೆ ದರದಲ್ಲಿ ವಿಮಾನ ಓಡಿಸೋದಕ್ಕೆ. 2017ರಲ್ಲಿ ಮೊದಲ ವಿಮಾನ ಹಾರಿದಾಗ ಹೇಳಿದ್ದು ಒಂದು ಗಂಟೆಯ ಪ್ರಯಾಣ, 2,500 ರೂಪಾಯಿ. ಆಗಿನ ನಿಯಮದಲ್ಲಿ ವಿಮಾನ ಕಂಪನಿಗೆ ಮೂರು ವರ್ಷ ಸಹಾಯಧನ ಇತ್ತು. ಹುಬ್ಬಳ್ಳಿ–ಮಂಗಳೂರು ಅದೇ ಒಂದು ಗಂಟೆಯ ದಾರಿ. ರಾಜ್ಯ ಸರ್ಕಾರ ಮುಂದೆ ಬಂದು ಕೆಲವು ಸೀಟುಗಳ ನಷ್ಟ ತುಂಬಿಕೊಡಲಿ. ದಿನಾ ಬೇಡ, ವಾರಕ್ಕೆ ಮೂರು ದಿನ ಸಾಕು. ಬೆಳಿಗ್ಗೆ ಹೋಗಿ ಡಾಕ್ಟರನ್ನು ನೋಡಿ ಸಂಜೆ ಮನೆಗೆ ಬರುವ ಹಾಗೆ ಸಮಯ ಇಡಲಿ. ಎರಡು ವರ್ಷ ನಿಲ್ಲಿಸದೆ ಓಡಿಸಿ ನೋಡಲಿ.

ಅಪ್ಪನಿಗೆ ಮತ್ತೆ ಹೋಗೋದಿದೆ, ಮುಂದಿನ ತಿಂಗಳು. ಈಗಲೇ ಹೇಳಿಬಿಟ್ಟಿದ್ದಾರೆ, "ಈ ಸಲ ಬಸ್ಸಿಗೇ ಹೋಗೋಣು. ಮಲಗಾಕರ ಬರತೈತಿ."